ಹಲ್ಲು ಮೊದಲೋ, ಪಾಪ ಮೊದಲೋ?



ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ ಬರುವ ಹಾವಿನ ಪ್ರಸಂಗ ನಿಮಗೆ ನೆನಪಿರಬಹುದು. ಹಡಗು ಒಡೆದು ಮಾಲ್ಟಾ ದ್ವೀಪದ ದಡ ಸೇರಿದ ಸಂತ ಪೌಲರು ಚಳಿ ಕಾಯಿಸಲೆಂದು ಕಟ್ಟಿಗೆ ಆರಿಸಿ ಬೆಂಕಿಗೆ ಹಾಕುವಾಗ, ಅದರೊಳಗಿಂದ ವಿಷದ ಹಾವೊಂದು ಹೊರಬಂದು ಅವರ ಕೈಯನ್ನು ಕಚ್ಚಿಕೊಂಡಿತು. ನೋಡುತ್ತಿದ್ದ ದ್ವೀಪದ ಜನ ಆ ಕ್ಷಣವೇ ತೀರ್ಪು ಕೊಟ್ಟರು. ಈತ ಕೊಲೆಗಾರನೇ ಇರಬೇಕು, ಕಡಲಿನಿಂದ ತಪ್ಪಿಸಿಕೊಂಡರೂ ದೈವನ್ಯಾಯ ಬಿಡಲಿಲ್ಲ ಎಂದುಕೊಂಡರು. ಪೌಲರು ಹಾವನ್ನು ಬೆಂಕಿಗೆ ಕೊಡವಿದರು. ಅವರಿಗೆ ಏನೂ ಆಗಲಿಲ್ಲ. ಆಗ ಅದೇ ಜನ ಮಾತು ಬದಲಿಸಿ ಅವರನ್ನು ದೇವರೆಂದು ಕರೆದರು.

ಈ ಪ್ರಸಂಗದ ಸುತ್ತ ಮಾಲ್ಟಾದಲ್ಲಿ ಒಂದು ಕಥೆ ಬೆಳೆಯಿತು. ಆ ದ್ವೀಪದ ಸುಣ್ಣಕಲ್ಲಿನ ಬಂಡೆಗಳಲ್ಲಿ ಮುಮ್ಮೂಲೆಯ, ಹೊಳೆಯುವ, ಅಂಚು ಗರಗಸದಂತಿರುವ ಕಲ್ಲುಗಳು ಸಿಗುತ್ತವೆ. ಕೆಲವು ಅಂಗೈಯಷ್ಟು ದೊಡ್ಡವು. ಸಂತ ಪೌಲರು ಅಂದು ದ್ವೀಪದ ಹಾವುಗಳನ್ನು ಶಪಿಸಿದರೆಂದೂ, ಅವುಗಳ ನಾಲಿಗೆಗಳೇ ಹೀಗೆ ಕಲ್ಲಾದುವೆಂದೂ ಜನ ನಂಬಿದರು. 'ನಾಲಿಗೆ ಕಲ್ಲು' ಎಂದೇ ಅವುಗಳಿಗೆ ಹೆಸರು ಬಂತು. ವಿಷಕ್ಕೆ ಮದ್ದೆಂದು ಅವು ಯೂರೋಪಿನಲ್ಲೆಲ್ಲಾ ಮಾರಾಟವಾದವು. ಶ್ರೀಮಂತರ ಊಟದ ಮೇಜಿನಲ್ಲಿ ಅವುಗಳನ್ನು ದ್ರಾಕ್ಷಾರಸಕ್ಕೆ ಅದ್ದಿ ವಿಷವಿದೆಯೇ ಎಂದು ಪರೀಕ್ಷಿಸುತ್ತಿದ್ದರು. ನಾವು ನಗಬೇಕಾಗಿಲ್ಲ. ಕಲ್ಲಿನಲ್ಲಿ ಜೀವಿಯ ಆಕಾರ ಕಂಡಾಗ ಅಲ್ಲೊಂದು ಪವಿತ್ರ ಕಥೆಯನ್ನು ಹುಡುಕುವುದು ಮನುಷ್ಯನ ಸ್ವಭಾವ. ನಮ್ಮ ಹಿಂದೂ ಸಹೋದರರು ಪೂಜಿಸುವ ಸಾಲಿಗ್ರಾಮವೂ ನೇಪಾಳದ ಗಂಡಕಿ ನದಿಯಲ್ಲಿ ದೊರೆಯುವ ಅಮೋನೈಟ್ ಎಂಬ ಪುರಾತನ ಕಡಲಜೀವಿಯ ಪಳೆಯುಳಿಕೆಯೇ.

ನಾಲಿಗೆ ಕಲ್ಲುಗಳ ಗುಟ್ಟನ್ನು ಬಿಡಿಸಿದವರಲ್ಲಿ ಮುಖ್ಯರಾದವರು ಮುಂದೆ ನಮ್ಮ ಧರ್ಮಸಭೆಯ ಬಿಷಪರಾದರು ಎಂಬುದು ಅನೇಕರಿಗೆ ತಿಳಿದಿರಲಾರದು. ಅವರ ಹೆಸರು ನೀಲ್ಸ್ ಸ್ಟೆನ್ಸೆನ್. ಲತೀನ್ ಭಾಷೆಯಲ್ಲಿ ಸ್ಟೆನೊ. 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲೂಥರನ್ ಕುಟುಂಬವೊಂದರಲ್ಲಿ ಹುಟ್ಟಿದವರು, ವೃತ್ತಿಯಿಂದ ವೈದ್ಯರು. ನಮ್ಮ ಕೆನ್ನೆಯೊಳಗೆ ಜೊಲ್ಲು ತರುವ ನಾಳಕ್ಕೆ ವೈದ್ಯರು ಇಂದಿಗೂ ಅವರ ಹೆಸರಿಟ್ಟೇ ಕರೆಯುತ್ತಾರೆ. 1666ರ ಅಕ್ಟೋಬರಿನಲ್ಲಿ ಇಟಲಿಯ ಲಿವೋರ್ನೊ ಬಳಿ ಬೆಸ್ತರು ಭಾರೀ ಶಾರ್ಕ್ ಮೀನೊಂದನ್ನು ಹಿಡಿದರು. ಫ್ಲಾರೆನ್ಸಿನ ದೊರೆ ಎರಡನೇ ಫೆರ್ಡಿನಾಂಡೊ ಅದರ ತಲೆಯನ್ನು ತರಿಸಿ ಸ್ಟೆನೊ ಅವರ ಕೈಗೆ ಕೊಟ್ಟರು. ಅದನ್ನು ಕೊಯ್ದು ಪರೀಕ್ಷಿಸಿದ ಸ್ಟೆನೊ ಅದರ ಹಲ್ಲುಗಳನ್ನೂ ಮಾಲ್ಟಾದ ಕಲ್ಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ. ಅವು ಹಾವಿನ ನಾಲಿಗೆಗಳಲ್ಲ, ಶಾರ್ಕಿನ ಹಲ್ಲುಗಳು! ಹಾಗೆಂದು ಅವರಿಗಿಂತ ಮೊದಲೂ ಒಂದಿಬ್ಬರು ಪಂಡಿತರು ಹೇಳಿದ್ದುಂಟು. ಆದರೆ ಹಲ್ಲು ಬಂಡೆಯೊಳಗೆ ಹೇಗೆ ಹೋಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಸ್ಟೆನೊ. ಬಂಡೆ ಒಂದು ಕಾಲಕ್ಕೆ ಮೆತ್ತನೆಯ ಕೆಸರಾಗಿತ್ತು. ಹಲ್ಲು ಮೊದಲೇ ಇತ್ತು, ಅದರ ಸುತ್ತ ಕೆಸರು ಗಟ್ಟಿಯಾಯಿತು. ಪದರದ ಮೇಲೆ ಪದರ ಕೂಡಿದಾಗ ಕೆಳಗಿನದೇ ಹಳೆಯದು. 1669ರಲ್ಲಿ ಅವರು ಹೀಗೆ ಬರೆದ ಪುಟ್ಟ ಪುಸ್ತಕವೇ ಭೂವಿಜ್ಞಾನಕ್ಕೆ ಅಡಿಪಾಯವಾಯಿತು ಎಂದರೆ ತಪ್ಪಾಗಲಾರದು.

ಅಷ್ಟರಲ್ಲಿ, 1667ರಲ್ಲಿ, ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದ್ದರು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಬಿಷಪ್ ಪದವಿ. ಉತ್ತರ ಯೂರೋಪಿನ ಚದುರಿದ ಕಥೋಲಿಕರ ನಡುವೆ ಬಡವರಂತೆ ಬದುಕಿ 1686ರಲ್ಲಿ, ನಲವತ್ತೆಂಟನೆಯ ವಯಸ್ಸಿಗೇ, ತೀರಿಕೊಂಡರು. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದರು. ವಿಜ್ಞಾನ ಕಲಿತರೆ ಮಕ್ಕಳ ವಿಶ್ವಾಸ ಕೆಡುತ್ತದೆಂದು ಹೆದರುವ ತಂದೆತಾಯಿಗಳು ಈ ಧನ್ಯರ ನೆನಪನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಟೆನೊ ಅವರಿಗೆ ಲಕ್ಷ, ಕೋಟಿ ವರ್ಷಗಳ ಲೆಕ್ಕ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ಮಾಲ್ಟಾದ ಆ ದೊಡ್ಡ ಹಲ್ಲುಗಳು ಮೆಗಲೊಡಾನ್ ಎಂಬ ಶಾರ್ಕಿನವು. ಹೆಸರಿನ ಅರ್ಥವೇ 'ದೊಡ್ಡ ಹಲ್ಲು'. ಹದಿನೈದು ಮೀಟರಿಗೂ ಮೀರಿ ಬೆಳೆಯುತ್ತಿದ್ದ, ತಿಮಿಂಗಿಲಗಳನ್ನು ಕಚ್ಚಿ ತಿನ್ನುತ್ತಿದ್ದ ಈ ಪ್ರಾಣಿ ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋಯಿತು. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಬೇಗ ಕರಗಿಹೋಗುತ್ತದೆ. ಉಳಿದದ್ದು ಹೆಚ್ಚಾಗಿ ಹಲ್ಲು ಮಾತ್ರ. ಅದರ ಬೇಟೆಯ ಗುರುತು ತಿಮಿಂಗಿಲಗಳ ಮೂಳೆಗಳ ಮೇಲೆ ಗೀರುಗಳಾಗಿ ಉಳಿದಿದೆ.

ಇನ್ನೂ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಮೇರಿ ಆನಿಂಗ್ ಎಂಬ ಬಡ ಬಡಗಿಯ ಮಗಳಿದ್ದಳು. ಅಪ್ಪ ಸಾಲ ಬಿಟ್ಟು ತೀರಿಕೊಂಡಿದ್ದ. ಬಂಡೆಗಳಲ್ಲಿ ಸಿಗುವ ವಿಚಿತ್ರ ಕಲ್ಲುಗಳನ್ನು ಪ್ರವಾಸಿಗರಿಗೆ ಮಾರಿ ಸಂಸಾರ ಸಾಗುತ್ತಿತ್ತು. 1811ರಲ್ಲಿ ಅವಳ ಅಣ್ಣನಿಗೆ ಬಂಡೆಯಲ್ಲಿ ಉದ್ದ ಮೂತಿಯ ದೊಡ್ಡ ತಲೆಬುರುಡೆಯೊಂದು ಕಾಣಿಸಿತು. ಮರುವರ್ಷ ಅದರ ಉಳಿದ ದೇಹವನ್ನು ಮೇರಿ ಹುಡುಕಿ ತೆಗೆಸಿದಳು. ಆಗ ಅವಳಿಗೆ ಹನ್ನೆರಡು ಹದಿಮೂರು ವಯಸ್ಸು. ಅದು ಇಕ್ತಿಯೋಸಾರ್, ಅಂದರೆ ಮೀನಿನ ಆಕಾರದ ಸರೀಸೃಪ. ಸುಮಾರು 20 ಕೋಟಿ ವರ್ಷ ಹಳೆಯ ಬಂಡೆ ಅದು. ಇಂಥ ಪ್ರಾಣಿಗಳ ಹೊಟ್ಟೆಯ ಭಾಗದಲ್ಲಿ ಉಂಡೆಯಂಥ ಕಲ್ಲುಗಳು ಇರುವುದನ್ನು ಮೇರಿ ಗಮನಿಸಿದಳು. ಒಡೆದರೆ ಒಳಗೆ ಮೀನಿನ ಮೂಳೆ, ಮೀನಿನ ಪೊರೆ. ಅದು ಕಲ್ಲಾದ ಮಲ ಎಂದು 1829ರಲ್ಲಿ ಲೋಕಕ್ಕೆ ವಿವರಿಸಿದವರು ವಿಲಿಯಂ ಬಕ್‌ಲ್ಯಾಂಡ್; ಆಕ್ಸ್‌ಫರ್ಡಿನ ಪ್ರಾಧ್ಯಾಪಕರು, ಜೊತೆಗೆ ಆಂಗ್ಲಿಕನ್ ಸಭೆಯ ಗುರುಗಳು. ಭಾನುವಾರ ಪ್ರವಚನ ಮಾಡುವ ಕೈ ವಾರದ ದಿನಗಳಲ್ಲಿ ಇಂಥದ್ದನ್ನೂ ಒಡೆದು ನೋಡಿತು! ನಮ್ಮ ದೇಶದಲ್ಲೂ ಗುಜರಾತಿನ ಕಚ್ಛ್ ಪ್ರದೇಶದ ಲೋಡಾಯಿ ಹಳ್ಳಿಯ ಬಳಿ ಸಿಕ್ಕಿದ ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರ್ ಪಳೆಯುಳಿಕೆಯ ವಿವರವನ್ನು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಇಂದು ಉಪ್ಪಿನ ಬಯಲಿಗೆ ಹೆಸರಾದ ಕಚ್ಛ್ 15 ಕೋಟಿ ವರ್ಷಗಳ ಹಿಂದೆ ಬೇಟೆಯಾಡುವ ಪ್ರಾಣಿಗಳು ಓಡಾಡಿದ ಕಡಲಾಗಿತ್ತು.

ಧರ್ಮದ ಪುಟದಲ್ಲಿ ಇದೆಲ್ಲಾ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಆದಾಮ ಹವ್ವರು ಪಾಪ ಮಾಡುವ ಮುಂಚೆ ಲೋಕದಲ್ಲಿ ಸಾವೇ ಇರಲಿಲ್ಲ, ಸಿಂಹವೂ ಹುಲ್ಲು ತಿನ್ನುತ್ತಿತ್ತು, ಹಲ್ಲು, ಉಗುರು, ರಕ್ತ, ನೋವು ಎಲ್ಲವೂ ಪಾಪದ ಬೆನ್ನಿಗೆ ಬಂದವು ಎಂದು ನಮ್ಮಲ್ಲಿ ಬಹಳ ಜನ ಜ್ಞಾನೋಪದೇಶದ ತರಗತಿಯಲ್ಲೋ ಅಜ್ಜಿಯ ಬಾಯಲ್ಲೋ ಕೇಳಿ ಬೆಳೆದವರು. ಆದರೆ ಈ ಬಂಡೆಗಳು ಬೇರೆ ಮಾತು ಹೇಳುತ್ತಿವೆ. ಪಾಪ ಮಾಡಬಲ್ಲ ಮನುಷ್ಯ ಭೂಮಿಗೆ ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಹಲ್ಲಿತ್ತು, ಬೇಟೆಯಿತ್ತು, ಸಾವಿತ್ತು. ಹಾಗಾದರೆ ಸೃಷ್ಟಿಯನ್ನು ನೋಡಿ ದೇವರು ಒಳ್ಳೆಯದೆಂದು ಕಂಡದ್ದು ಈ ಹಲ್ಲುಗಳನ್ನೂ ಸೇರಿಸಿಯೇ?

ಬಕ್‌ಲ್ಯಾಂಡರಿಗೂ ಈ ಪ್ರಶ್ನೆ ಎದುರಾಯಿತು. 1839ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಮಹಾದೇವಾಲಯದಲ್ಲಿ ಅವರು ಇದೇ ವಿಷಯದ ಮೇಲೆ ಪ್ರವಚನ ಕೊಟ್ಟು ಅಚ್ಚು ಹಾಕಿಸಿದರು. ಪಾಪದಿಂದ ಬಂದ ಮರಣದ ತೀರ್ಪು ಮನುಷ್ಯರಿಗೆ ಸಂಬಂಧಿಸಿದ್ದು, ಪ್ರಾಣಿಗಳಿಗಲ್ಲ; ಸಂತ ಪೌಲರು ರೋಮನರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಮರಣವು ಹಬ್ಬಿತೆಂದು ಹೇಳುವುದು ಮಾನವರೆಲ್ಲರಿಗೆ ಎಂಬುದು ಅವರ ವಾದ. ಆದರೆ ನಮ್ಮ ಧರ್ಮಸಭೆಯ ಮಹಾಗುರುಗಳಿಗೆ ಇದು ಹೊಸ ಮಾತಾಗಿರಲಿಲ್ಲ. ಹದಿಮೂರನೇ ಶತಮಾನದಲ್ಲಿ, ಪಳೆಯುಳಿಕೆಯ ಸುಳಿವೇ ಇಲ್ಲದ ಕಾಲದಲ್ಲಿ, ಸಂತ ಥಾಮಸ್ ಅಕ್ವಿನಾಸರು ಇದನ್ನು ನೇರವಾಗಿ ಕೈಗೆತ್ತಿಕೊಂಡರು. ಇಂದು ಮಾಂಸ ತಿನ್ನುವ ಸಿಂಹ, ಗಿಡುಗಗಳು ಪಾಪಕ್ಕೆ ಮುಂಚೆ ಹುಲ್ಲು ತಿಂದು ಬದುಕುತ್ತಿದ್ದವು ಎಂಬ ಅಭಿಪ್ರಾಯವನ್ನು ಅವರು ಒಪ್ಪಲಿಲ್ಲ. ಮನುಷ್ಯನ ಪಾಪ ಪ್ರಾಣಿಗಳ ಸ್ವಭಾವವನ್ನು ಬದಲಿಸಲಿಲ್ಲ ಎಂದರು. ಹಾಗಾದರೆ ಆದಿಕಾಂಡದ ಮೊದಲ ಅಧ್ಯಾಯ ಹಸಿರು ಗಿಡಗಳನ್ನು ಪ್ರಾಣಿಗಳಿಗೆ ಆಹಾರವಾಗಿ ಕೊಡುತ್ತದಲ್ಲಾ ಎಂದರೆ, ಅದು ಕೆಲವು ಪ್ರಾಣಿಗಳ ಮಾತು, ಎಲ್ಲವುಗಳದ್ದಲ್ಲ ಎಂದು ವಿವರಿಸಿದರು. ಅವರಿಗಿಂತ ಎಂಟು ಶತಮಾನ ಹಿಂದೆ ಸಂತ ಅಗಸ್ಟೀನರೂ ಪಾಪವಿಲ್ಲದ ಪ್ರಾಣಿಗಳು ಒಂದನ್ನೊಂದು ಏಕೆ ಹಿಂಸಿಸುತ್ತವೆ ಎಂದು ಕೇಳಿಕೊಂಡು, ಒಂದು ಇನ್ನೊಂದಕ್ಕೆ ಆಹಾರವಾಗಿರುವುದೇ ಕಾರಣ ಎಂದಿದ್ದರು. ಸೃಷ್ಟಿ ಪರಿಪೂರ್ಣತೆಯತ್ತ ಸಾಗುವ ಪಯಣದಲ್ಲಿದೆ, ಈ ಪಯಣದಲ್ಲಿ ಕೆಲವು ಜೀವಿಗಳು ಕಾಣಿಸಿಕೊಂಡು ಕೆಲವು ಮರೆಯಾಗುತ್ತವೆ, ಕಟ್ಟುವುದರ ಜೊತೆಗೆ ಕೆಡಹುವುದೂ ಇರುತ್ತದೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಕಲಿಸುತ್ತದೆ.

ಒಂದು ವಿಷಯವನ್ನು ಗೊಂದಲವಿಲ್ಲದೆ ಹೇಳಬೇಕು. ಮನುಷ್ಯನ ಮರಣದ ಬಗ್ಗೆ ಧರ್ಮಸಭೆಯ ಬೋಧನೆ ಹಾಗೆಯೇ ಇದೆ. ದೇವರಿಂದ ದೂರವಾದವನ ಸಾವು, ಭಯ ಮತ್ತು ಕತ್ತಲೆ ತುಂಬಿದ ಸಾವು, ಪಾಪದಿಂದಲೇ ಮಾನವ ಇತಿಹಾಸಕ್ಕೆ ಬಂತು. ಜನ್ಮಪಾಪದ ಸತ್ಯವನ್ನು ಯಾವ ಪಳೆಯುಳಿಕೆಯೂ ಅಳಿಸಲಾರದು. ನಾನು ಹೇಳುತ್ತಿರುವುದು ಇಷ್ಟೇ: ಲೋಕದ ಪ್ರತಿಯೊಂದು ನೋವಿನ ಹಿಂದೆಯೂ ಒಂದು ಅಪರಾಧವಿದೆ ಎಂಬ ಲೆಕ್ಕ ನಮ್ಮ ವಿಶ್ವಾಸದ ಭಾಗವಲ್ಲ.

ಈ ಲೆಕ್ಕ ಪುಸ್ತಕದಲ್ಲಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಮನೆಗಳೊಳಗೆ ಬರುತ್ತದೆ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಯಾವ ಗುರುಗಳನ್ನಾದರೂ ಕೇಳಿ ನೋಡಿ. ಹುಟ್ಟಿದ ಮಗುವಿಗೆ ಕೈಕಾಲು ಸರಿಯಿಲ್ಲದಿದ್ದರೆ ಸಂತೈಸಲು ಬಂದ ನೆಂಟರಲ್ಲಿ ಒಬ್ಬರಾದರೂ ಮೆಲ್ಲಗೆ ಕೇಳುತ್ತಾರೆ, ಇದು ಯಾರ ಪಾಪವೋ ಎಂದು. ಗರ್ಭದಲ್ಲೇ ಮಗು ತೀರಿಕೊಂಡ ತಾಯಿ, ಮದುವೆಗೆ ಮುಂಚಿನ ಯಾವುದೋ ಸಣ್ಣ ತಪ್ಪನ್ನು ಹುಡುಕಿ ಹುಡುಕಿ ತನ್ನನ್ನೇ ತಿಂದುಕೊಳ್ಳುತ್ತಾಳೆ. ಕೆಲವು ಪ್ರಾರ್ಥನಾ ಕೂಟಗಳಲ್ಲಿ ವಂಶದ ಶಾಪ ಎಂದು ಹೆಸರಿಟ್ಟು ಈ ಗಾಯಕ್ಕೆ ಇನ್ನಷ್ಟು ಉಪ್ಪು ಸವರುವವರೂ ಇದ್ದಾರೆ. ಮಾಲ್ಟಾದ ಜನ ಪೌಲರ ಕೈಗೆ ಹಾವು ಕಚ್ಚಿದಾಗ ಕೊಟ್ಟ ತೀರ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಹುಟ್ಟುಕುರುಡನನ್ನು ಕಂಡು ಶಿಷ್ಯರೇ ಯೇಸುಸ್ವಾಮಿಯನ್ನು ಇದೇ ಪ್ರಶ್ನೆ ಕೇಳಿದರು: ಪಾಪ ಇವನದೋ, ಹೆತ್ತವರದೋ? ಎರಡೂ ಅಲ್ಲ ಎಂದು ಸ್ವಾಮಿ ನುಡಿದದ್ದು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿದೆ. ನಾವು ಅದನ್ನು ಎಷ್ಟು ಸಲ ಓದಿದರೂ ಮನೆಗೆ ಬಂದ ಮೇಲೆ ಶಿಷ್ಯರ ಪ್ರಶ್ನೆಯನ್ನೇ ಕೇಳುತ್ತೇವೆ.

ಇಲ್ಲಿ ಎರಡು ಪಳೆಯುಳಿಕೆಗಳ ಬಗ್ಗೆ ನಿಮಗೆ ಹೇಳಲೇಬೇಕು. ಒಂದು, ಇಂಗ್ಲೆಂಡಿನ ವೆಸ್ಟ್‌ಬರಿ ಎಂಬಲ್ಲಿ ಸಿಕ್ಕಿದ ಪ್ಲಯೋಸಾರ್. ಎಂಟು ಮೀಟರ್ ಉದ್ದದ, ಸುಮಾರು 15 ಕೋಟಿ ವರ್ಷ ಹಿಂದಿನ ಕಡಲ ಬೇಟೆಗಾರ ಪ್ರಾಣಿ. 2012ರಲ್ಲಿ ಅದರ ತಲೆಬುರುಡೆಯ ಅಧ್ಯಯನ ಪ್ರಕಟವಾಯಿತು. ಅದರ ದವಡೆಯ ಕೀಲಿಗೆ ಸಂಧಿವಾತ ಹಿಡಿದಿತ್ತು. ಕೀಲು ಸವೆದು ಕೆಳದವಡೆ ಒಂದು ಕಡೆಗೆ ವಾಲಿದ್ದರಿಂದ ಬಾಯಿ ಮುಚ್ಚಿದಾಗಲೆಲ್ಲ ಮೇಲಿನ ಹಲ್ಲುಗಳು ಕೆಳದವಡೆಯ ಮೂಳೆಗೇ ನಾಟುತ್ತಿದ್ದವು. ಆ ಗುರುತುಗಳು ಹಾಗೆಯೇ ಇವೆ. ಹೀಗೆ ವರ್ಷಗಟ್ಟಲೆ ಬದುಕಿದ ಮೇಲೆ ಒಂದು ದಿನ ದವಡೆ ಮುರಿಯಿತು; ಆ ಮುರಿತ ಕೂಡಿಕೊಳ್ಳಲೇ ಇಲ್ಲ. ಮಂಡಿನೋವಿನಿಂದ ಪೂಜೆಯಲ್ಲಿ ಮೊಣಕಾಲೂರಲಾಗದೆ ಸಂಕಟಪಡುವ ನಮ್ಮ ಅಜ್ಜ ಅಜ್ಜಿಯರು ಕೇಳಬೇಕಾದ ಕಥೆ ಇದು. ಆ ಪ್ರಾಣಿ ಯಾವ ಪಾಪ ಮಾಡಿತ್ತು?

ಇನ್ನೊಂದು ಚೀನಾ ದೇಶದ ಚಾವ್‌ಹು ಎಂಬಲ್ಲಿ ದೊರೆತದ್ದು, 2014ರಲ್ಲಿ ಪ್ರಕಟವಾಯಿತು. ಬಹಳ ಪುರಾತನ ಜಾತಿಯ ಇಕ್ತಿಯೋಸಾರ್, ಸುಮಾರು 24 ಕೋಟಿ 80 ಲಕ್ಷ ವರ್ಷ ಹಿಂದಿನದು. ಇವು ಮೊಟ್ಟೆಯಿಡದೆ ಮರಿ ಹಾಕುತ್ತಿದ್ದವು. ಈ ಕಲ್ಲಿನಲ್ಲಿ ಒಂದು ತಾಯಿ, ಮೂರು ಮರಿಗಳಿವೆ. ಒಂದು ಮರಿ ಇನ್ನೂ ಹೊಟ್ಟೆಯೊಳಗೆ, ಒಂದು ಹೊರಗೆ, ಮತ್ತೊಂದು ಅರ್ಧ ಹೊರಬಂದಿದೆ, ತಲೆ ಮೊದಲಾಗಿ. ಹೆರಿಗೆ ಕಷ್ಟವಾಗಿ ತಾಯಿ ಆ ಹೊತ್ತಿನಲ್ಲೇ ಸತ್ತಿರಬೇಕೆಂದು ಅಧ್ಯಯನ ಮಾಡಿದವರ ಅಭಿಪ್ರಾಯ. ಆದಿಕಾಂಡದ ಮೂರನೇ ಅಧ್ಯಾಯವನ್ನು ಹಿಡಿದು, ಹೆರಿಗೆಯಲ್ಲಿ ಅನಾಹುತವಾದ ಮನೆಗೆ ಹೋಗಿ ಇದು ಹವ್ವಳ ಶಿಕ್ಷೆ ಎಂದು ಹೇಳುವ ಧೈರ್ಯ ಇರುವವರು ಮೊದಲು ಈ ಕಲ್ಲಿನ ಚಿತ್ರವನ್ನು ನೋಡಬೇಕು. ಹವ್ವಳು ಹುಟ್ಟುವ ಮುಂಚೆ, ಯಾರೂ ಹಣ್ಣು ಕೀಳುವ ಮುಂಚೆ, ಒಂದು ಬೇಟೆಗಾರ ಪ್ರಾಣಿ ಮರಿ ಹಾಕುತ್ತಾ ಸತ್ತಿತು. ಸೃಷ್ಟಿಯೆಲ್ಲವೂ ಪ್ರಸವವೇದನೆ ಪಡುವವಳಂತೆ ನರಳುತ್ತಿದೆ ಎಂದು ರೋಮನರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ ಸಂತ ಪೌಲರು ಬರೆದಾಗ, ಆ ಮಾತು ಎಷ್ಟು ಹಿಂದಿನವರೆಗೆ ಚಾಚುತ್ತದೆಂದು ಅವರ ಓದುಗರು ಊಹಿಸಿರಲಾರರು.

ಹಾಗಾದರೆ ಈ ಹಲ್ಲುಗಳನ್ನು ಮಾಡಿದವರು ದೇವರೇ? ಹೌದೆನ್ನದೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಪ್ರಾಣಿಗಳ ಸಾವಿಲ್ಲದೆ ಸಿಂಹದ ಬದುಕಿಲ್ಲ ಎಂದು ಅಕ್ವಿನಾಸರು ಹೇಳುತ್ತಾರೆ. ನುಂಗಲ್ಪಟ್ಟ ಮೀನಿಗೆ ಈ ಉತ್ತರದಿಂದ ಏನು ಸಮಾಧಾನ ಎಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಸೆಮಿನರಿಯಲ್ಲಿ ಓದಿದ ತತ್ವಶಾಸ್ತ್ರವೆಲ್ಲ ಸೇರಿದರೂ ಆ ಪ್ರಶ್ನೆಯ ಬಾಯಿ ಮುಚ್ಚಿಸಲಾರದು. ಯೋಬನಿಗೆ ಸಿಕ್ಕಿದ್ದೂ ವಾದವಲ್ಲ. ದೇವರು ಅವನಿಗೆ ಸಿಂಹಿಣಿಯ ಹಸಿವು, ಹದ್ದಿನ ಗೂಡು, ಕಡಲಿನ ಲೆವಿಯಾತಾನನ ಭಯಂಕರ ಹಲ್ಲುಸಾಲು ಇವನ್ನೆಲ್ಲಾ ಒಂದೊಂದಾಗಿ ತೋರಿಸಿದರು. ಇವು ನಿನ್ನ ಲೆಕ್ಕಕ್ಕೆ ಸಿಗದಿದ್ದರೂ ನನ್ನವೇ ಎಂಬಂತಿದೆ ಆ ಅಧ್ಯಾಯಗಳ ಧಾಟಿ. ಯೋಬನ ಗೆಳೆಯರು ಮಾತ್ರ ಕೊನೆಯವರೆಗೂ ಅವನ ಪಾಪವನ್ನೇ ಹುಡುಕುತ್ತಿದ್ದರು. ದೇವರ ಕೋಪ ತಿರುಗಿದ್ದು ಅವರ ಮೇಲೆ.

ಇನ್ನೊಂದು ಕಡೆ ಜಾರುವ ಅಪಾಯವೂ ಇದೆ. ಪ್ರಕೃತಿಯೇ ಹೀಗಿದ್ದರೆ ನಾವೂ ಹೀಗಿದ್ದರೇನು ಎಂಬ ವಾದ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ನಮ್ಮ ಹಿರಿಯರು ಮತ್ಸ್ಯನ್ಯಾಯ ಎಂದು ಹೆಸರಿಟ್ಟರು; ಅದು ನೆಲೆಸಬಾರದೆಂದೇ ರಾಜನೂ ಕಾನೂನೂ ಬೇಕು ಎಂದು ಅರ್ಥಶಾಸ್ತ್ರ ಹೇಳುತ್ತದೆ. ತಮ್ಮನ ಪಾಲಿನ ಜಮೀನನ್ನು ಒತ್ತಿಕೊಂಡವರೂ, ವಿಧವೆಗೆ ಬಡ್ಡಿ ಸಾಲ ಕೊಟ್ಟು ಮನೆಯನ್ನೇ ಬರೆಸಿಕೊಂಡವರೂ 'ಲೋಕ ಇರುವುದೇ ಹೀಗೆ ಸ್ವಾಮಿ' ಎನ್ನುವುದುಂಟು. ಕಡಲಿನ ಲೋಕ ಹಾಗಿರಬಹುದು. ಶಾರ್ಕಿಗೆ ಬೇರೆ ಆಯ್ಕೆ ಇರಲಿಲ್ಲ, ಅದಕ್ಕೆ ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಕಾಯಿನನ ಕಥೆ ನೋಡಿ. ಅವನು ತಮ್ಮನ ಮೇಲೆ ಕೈಯೆತ್ತುವ ಮುನ್ನ ದೇವರು ಅವನೊಡನೆ ಮಾತಾಡಿದರು. ಪಾಪವು ಬಾಗಿಲಲ್ಲಿ ಮೃಗದಂತೆ ಹೊಂಚು ಹಾಕಿದೆ, ಅದನ್ನು ಹತೋಟಿಯಲ್ಲಿಡುವುದು ನಿನ್ನ ಕೆಲಸ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಮೆಗಲೊಡಾನ್‌ನ ಹಲ್ಲು ಎಷ್ಟೇ ದೊಡ್ಡದಿರಲಿ, ಅದರ ಕಿವಿಗೆ ಅಂಥ ಮಾತು ಬಿದ್ದಿರಲಿಲ್ಲ. ಪಾಪ ಎಂಬ ಮಾತಿನ ಪೂರ್ತಿ ಭಾರ ಇಳಿಯಬೇಕಾದದ್ದು ಇಂಥ ಕಡೆ. ರೋಗಿಯ ಹಾಸಿಗೆಯ ಮೇಲೆ ಅದನ್ನು ಹೊರಿಸಿ ಬಡ್ಡಿಯ ಪುಸ್ತಕವನ್ನು ಮಾತ್ರ ಹಾಗೆಯೇ ಬಿಡುತ್ತೇವಲ್ಲ, ಇದನ್ನು ಏನೆನ್ನಬೇಕು?

ತೋಳವೂ ಕುರಿಮರಿಯೂ ಒಟ್ಟಿಗೆ ಇರುವ, ಸಿಂಹವು ಎತ್ತಿನಂತೆ ಹುಲ್ಲು ಮೇಯುವ ಪ್ರವಾದಿ ಯೆಶಾಯನ ಚಿತ್ರದ ಬಗ್ಗೆ ಕೆಲವರು ಕೇಳಿಯೇ ಕೇಳುತ್ತಾರೆ. ಆ ಹನ್ನೊಂದನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ಅದು ಕಳೆದುಹೋದ ಕಾಲದ ನೆನಪಾಗಿ ಬರುವುದಿಲ್ಲ. ಜೆಸ್ಸೆಯನ ಬುಡದಿಂದ ಚಿಗುರುವವನು ಬಂದಾಗ ಆಗಲಿರುವುದಾಗಿ ಬರುತ್ತದೆ. ಆ ದಿನ ಶಾರ್ಕಿನ ಪಾಲಿಗೆ ಏನಿರುತ್ತದೆಂದು ಊಹಿಸಲು ನನಗೆ ಬಾರದು.

ಮಕ್ಕಳಿಗೆ ಇಷ್ಟೆಲ್ಲಾ ವಿವರ ಬೇಕಾಗಿಲ್ಲ. ಟಿ.ವಿ.ಯಲ್ಲೋ ಪುಸ್ತಕದಲ್ಲೋ ಈ ಪ್ರಾಣಿಗಳ ಚಿತ್ರ ನೋಡಿ ನಿಮ್ಮ ಮಗಳು 'ಅಪ್ಪಾ, ಇವು ಕೆಟ್ಟ ಪ್ರಾಣಿಗಳಾ? ಅದಕ್ಕೇ ದೇವರು ಸಾಯಿಸಿಬಿಟ್ಟರಾ?' ಎಂದು ಕೇಳಿದರೆ, ಇಲ್ಲಮ್ಮಾ, ಅವು ಏನೂ ತಪ್ಪು ಮಾಡಿರಲಿಲ್ಲ ಎಂದು ಹೇಳಿ. ಆಮೇಲೆ ಬೈಬಲ್ ತೆರೆದು 104ನೇ ಕೀರ್ತನೆಯನ್ನು ಅವಳ ಜೊತೆ ಕುಳಿತು ಓದಿ. ಬೇಟೆಗಾಗಿ ಗರ್ಜಿಸುವ ಸಿಂಹದ ಮರಿಗಳು ಅಲ್ಲಿ ದೇವರನ್ನೇ ಊಟ ಕೇಳುತ್ತಿವೆ. ಕಡಲಿನ ಆ ದೊಡ್ಡ ಪ್ರಾಣಿ ನೀರಿನಲ್ಲಿ ಆಟವಾಡುತ್ತಿದೆ.